ವಯಸ್ಸಾದವರೇ ಪತ್ತೇದಾರರಾಗಿರುವ ಕಾದಂಬರಿಗಳು ಯಾಕೆ ಇಷ್ಟು ಹಿಡಿಸುತ್ತವೆ?

ನಮ್ಮದು ಬಾಗಲಕೋಟೆ. ಆಯಿ, ಅಂದರೆ ನಮ್ಮಜ್ಜಿ, ಮುಂಜಾನೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದವಳು ಒಮ್ಮೆ ಕೈ ನಿಲ್ಲಿಸಿ, "ಎದುರಿನ ಮನ್ಯಾಗ ಇವತ್ತ ರೊಟ್ಟಿ ಬಡಿಯೋ ಸಪ್ಪಳನ ಇಲ್ಲ. ಆಕಿಗೆ ಆರಾಮಿಲ್ಲ ಕಾಣ್ತದ, ಹೋಗಿ ನೋಡ್ಬಾ" ಅಂದಳು. ಹೋಗಿ ನೋಡಿದರೆ ಅವರು ಜ್ವರ ಬಂದು ಮಲಗಿದ್ದರು.

ಈ ಕಾದಂಬರಿಗಳ ಸೆಳೆತ ಇದೇ ಅನ್ನಿಸುತ್ತದೆ. ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಮೊದಲ ಬಾರಿ ಕಾದಂಬರಿಯಲ್ಲಿ ಬಂದದ್ದು 1930ರಲ್ಲಿ. ಆಕೆಯ ಬಳಿ ಪ್ರಯೋಗಾಲಯವಿಲ್ಲ, ಪಿಸ್ತೂಲಿಲ್ಲ. ಉಲನ್ ಹೆಣೆಯುತ್ತ ಕೂತೇ, ಈ ಮನುಷ್ಯ ನಮ್ಮ ಹಳ್ಳಿಯ ಇಂಥವನ ಹಾಗೇ ಇದ್ದಾನಲ್ಲ ಎಂದು ತಾಳೆ ಹಾಕುತ್ತಾಳೆ. ಮುದುಕಿಗೇನು ತಿಳಿಯುತ್ತದೆ ಎಂದು ಜನ ಅವಳೆದುರು ಬಾಯಿ ಬಿಡುತ್ತಾರೆ. ಆ ಉಪೇಕ್ಷೆಯೇ ಅವಳ ಆಯುಧ, ಓದುವ ನಮಗೆ ಅದರಲ್ಲೇ ಖುಷಿ.

2020ರಲ್ಲಿ ಬಂದ, ಇಂಗ್ಲಿಷ್ ಲೇಖಕ ರಿಚರ್ಡ್ ಆಸ್ಮನ್ ಬರೆದ 'ದ ಥರ್ಸ್‌ಡೇ ಮರ್ಡರ್ ಕ್ಲಬ್' ಕಾದಂಬರಿಯಲ್ಲಿ ಇಂಥವರು ನಾಲ್ವರು, ಎಲ್ಲರೂ ನಿವೃತ್ತರು. ಒಬ್ಬಾಕೆ ಹಿಂದೆ ನರ್ಸ್, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಮನೋವೈದ್ಯ, ಇನ್ನೊಬ್ಬಾಕೆ ಗೂಢಚಾರಿಣಿ. ದುಡಿದ ಕಾಲದ ಅನುಭವವೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಂಡಿನೋವು, ಒಂಟಿತನ, ಮರೆವಿನ ಭಯವೂ ಇವೆ, ಆದರೆ ಕನಿಕರ ಬೇಡುವ ಧಾಟಿಯಿಲ್ಲ.

ರಕ್ತಪಾತ ಹೆಚ್ಚಾಗಿ ಮರೆಯಲ್ಲೇ ನಡೆಯುವುದರಿಂದ ರಾತ್ರಿ ಓದಿಯೂ ನಿದ್ದೆ ಬರುತ್ತದೆ. ಅಷ್ಟು ಸಣ್ಣ ಊರಲ್ಲಿ ಅಷ್ಟೊಂದು ಕೊಲೆ ಹೇಗೆ ಅಂತ ಮಾತ್ರ ಕೇಳಬೇಡಿ. ಆಯಿಗೆ ಒಂದು ಕಥೆ ಹೇಳಿದೆ. ಅರ್ಧಕ್ಕೇ, "ಆ ಅಳಿಯಾನ ಮ್ಯಾಲ ನಂಗ ಡೌಟ್ ಅದ ನೋಡು" ಅಂದಳು. ಅವನೇ ಆಗಿದ್ದ!