ದಿನಾ ನಡೆಯುತ್ತೇನೆ, ಹಿಮಾಲಯಕ್ಕೆ ಇಷ್ಟು ಸಾಕಾ?

ಪ್ರಶ್ನೆ: ನನಗೆ 46 ವರ್ಷ, ಕಲಬುರಗಿಯಲ್ಲಿ ಶಿಕ್ಷಕಿ. ಡಿಸೆಂಬರ್‌ನಲ್ಲಿ ಗೆಳತಿಯರ ಜೊತೆ ಉತ್ತರಾಖಂಡದ ಕೇದಾರಕಂಠಕ್ಕೆ ಟ್ರೆಕ್ಕಿಂಗ್ ಹೊರಟಿದ್ದೇನೆ. ಬಿಪಿಗೆ ದಿನಾ ಒಂದು ಮಾತ್ರೆ ಇದೆ. ಬೆಳಿಗ್ಗೆ ಅಪ್ಪನ ಕೆರೆ ಸುತ್ತ ಒಂದು ತಾಸು ನಡೆಯುತ್ತೇನೆ. ಇಷ್ಟು ಸಾಕಾ? ಎತ್ತರಕ್ಕೆ ಹೋದಾಗ ಕಾಯಿಲೆ ಬೀಳದಂತೆ ತಗೊಳ್ಳುವ ಡೈಮಾಕ್ಸ್ ಮಾತ್ರೆ ಎಲ್ಲರೂ ತಗೋಬೇಕಾ?

ಉತ್ತರ: ನಡಿಗೆ ಬಿಡಬೇಡಿ. ಆದರೆ ಅದೊಂದೇ ಸಾಲದು. ನಮ್ಮ ಊರು ಸಪಾಟು, ಕೆರೆಗೆ ಎಷ್ಟು ಸುತ್ತು ಹಾಕಿದರೂ ಕಾಲಿಗೆ ಏರು-ಇಳುಕಲಿನ ರೂಢಿ ಆಗುವುದಿಲ್ಲ. ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ. ಇಳಿಯುವಾಗಲೂ ಲಿಫ್ಟ್ ಬೇಡ. ಬೆಟ್ಟ ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ತಡೆದು ಹಿಡಿಯಬೇಕು, ರೂಢಿ ಇಲ್ಲದವರ ಮೊಣಕಾಲು ನೋಯುವುದು ಆಗಲೇ. ಆಮೇಲೆ ಬೆನ್ನಿನ ಚೀಲಕ್ಕೆ ನಾಲ್ಕೈದು ಕಿಲೋ ತೊಗರಿ ಬೇಳೆ ಹಾಕಿಕೊಂಡು ಹತ್ತಿ. ರಜೆಯಲ್ಲಿ ಯಾದಗಿರಿ ಕೋಟೆ, ಇಲ್ಲವೇ ಚಿಂಚೋಳಿಯ ಚಂದ್ರಂಪಳ್ಳಿ ಬೆಟ್ಟಗಳಿಗೆ ಹೋಗಿ. ಹಿಮಾಲಯಕ್ಕೆ ಒಯ್ಯುವ ಬೂಟನ್ನೇ ಹಾಕಿಕೊಳ್ಳಿ. ಹೊಸ ಬೂಟು ಅಲ್ಲಿಗೆ ಹೋದ ಮೇಲೆ ಮೊದಲ ಸಲ ಹಾಕಿದರೆ ಕಾಲಲ್ಲಿ ಗುಳ್ಳೆ ಏಳುತ್ತವೆ.

ಇನ್ನು ಎತ್ತರದ ಮಾತು. ದಮ್ಮು ಗಟ್ಟಿ ಇದ್ದವರಿಗೆ ಎತ್ತರದ ಕಾಯಿಲೆ ಬರಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು, ದಿನಾ ಓಡುವವರಿಗೂ ಬರುತ್ತದೆ. ಕಲಬುರಗಿ ಇರುವುದು ಸುಮಾರು 1,500 ಅಡಿಯಲ್ಲಿ, ಕೇದಾರಕಂಠದ ತುದಿ ಸುಮಾರು 12,500 ಅಡಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡರಷ್ಟು ಮಾತ್ರ. 10,000 ಅಡಿ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ದಿನಕ್ಕಿಂತ 1,600 ಅಡಿಗಿಂತ ಜಾಸ್ತಿ ಮೇಲಿರಬಾರದು. ಟ್ರೆಕ್ಕಿಂಗ್ ನಡೆಸುವವರಿಗೆ ಹಣ ಕಟ್ಟುವ ಮೊದಲೇ ಇದನ್ನು ಕೇಳಿ, ಬೇಕಾದರೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಬಂದರೆ, ಊಟ ಬೇಡ ಅನ್ನಿಸಿದರೆ ಅಲ್ಲೇ ನಿಲ್ಲಿ. ಕಡಿಮೆಯಾಗುವ ತನಕ ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ಮಾತು ಗೊಂದಲವಾದರೆ ರಾತ್ರಿಯಾಗಿದ್ದರೂ ಕೆಳಗೆ ಇಳಿಸಲೇಬೇಕು. ಜೊತೆಯವರ ಖುಷಿ ಹಾಳಾಗುತ್ತದೆ ಅಂತ ತಲೆನೋವು ಮುಚ್ಚಿಡುವವರಿದ್ದಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಗೆಳತಿಯರೆಲ್ಲ ಹೊರಡುವ ಮೊದಲೇ ಈ ಬಗ್ಗೆ ಮಾತಾಡಿಕೊಳ್ಳಿ.

ಡೈಮಾಕ್ಸ್ ಎಲ್ಲರಿಗೂ ಬೇಕಿಲ್ಲ. ವೈದ್ಯರು ಬರೆದುಕೊಟ್ಟರೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಬೆರಳು ಜುಮ್ಮೆನ್ನಬಹುದು, ಮೂತ್ರ ಜಾಸ್ತಿ ಆಗಬಹುದು. ಸಲ್ಫಾ ಔಷಧಿ ಆಗಿಬರದಿದ್ದರೆ ಮೊದಲೇ ಹೇಳಿ. ಬಿಪಿ ಮಾತ್ರೆಯ ಹೆಸರೂ ತೋರಿಸಿ, ಕೆಲವು ಬಿಪಿ ಮಾತ್ರೆಗಳೂ ಮೂತ್ರ ಜಾಸ್ತಿ ಮಾಡುತ್ತವೆ. ಇಸಿಜಿ ಮಾಡಿಸಬೇಕಾ ಅಂತಲೂ ಕೇಳಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ ಅಭ್ಯಾಸ ನಿಲ್ಲಿಸಿ, ತಡ ಮಾಡದೆ ತೋರಿಸಿ. ಬಿಪಿ ಮಾತ್ರೆಯನ್ನು ಬೆಟ್ಟದ ಮೇಲೂ ಒಂದು ದಿನ ಕೂಡ ತಪ್ಪಿಸಬೇಡಿ. ನಿದ್ದೆ ಬರಲಿಲ್ಲ ಅಂತ ನಿದ್ದೆ ಮಾತ್ರೆ ನುಂಗಬೇಡಿ, ಎತ್ತರದಲ್ಲಿ ಅದು ಉಸಿರಾಟವನ್ನು ಇನ್ನೂ ಕುಗ್ಗಿಸುತ್ತದೆ.

ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆಗಾಗ ನೀರು ಕುಡಿಯುತ್ತಿರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ಕೆಡುವುದಿಲ್ಲ, ಹಸಿವು ಕಡಿಮೆಯಾದಾಗಲೂ ರೂಢಿಯ ರುಚಿ ಒಂದೆರಡು ತುತ್ತು ಒಳಗೆ ಹೋಗುತ್ತದೆ.