ಮಳೆಗಾಲದಲ್ಲಿ ನೇತ್ರಾಣಿ ಡೈವಿಂಗ್‌ಗೆ ಬುಕಿಂಗ್ ಸಿಗದಿರುವುದು

ಆಗಸ್ಟ್ ಮೊದಲ ವಾರದಲ್ಲಿ ಕಲಬುರಗಿಯಿಂದ ಮುರ್ಡೇಶ್ವರಕ್ಕೆ ಹೋಗಿ, ಅದರ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಬೇಕೆಂದರೆ ಯಾರೂ ಬುಕಿಂಗ್ ಕೊಡುತ್ತಿಲ್ಲವೆಂದು ಕೇಳಿದ್ದೀರಿ. ಇದಕ್ಕೆ ಮುಂಗಾರೇ ಕಾರಣವಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಪ್ರಕ್ಷುಬ್ಧವಾಗಿದ್ದು, ನೀರು ಕದಡಿರುತ್ತದೆ. ಕಳೆದ ವರ್ಷ ನಮ್ಮ ಕುಟುಂಬವೂ ಇದೇ ತೊಂದರೆಗೆ ಸಿಲುಕಿ, ಪ್ರವಾಸವನ್ನು ಡಿಸೆಂಬರ್‌ಗೆ ಮುಂದೂಡಿತು.

ಮೊದಲು ವಸತಿಗೃಹದವರೊಂದಿಗೆ ಮಾತನಾಡಿ ದಿನಾಂಕವನ್ನು ಡಿಸೆಂಬರ್ ಅಥವಾ ಜನವರಿಗೆ ಬದಲಿಸಿಕೊಳ್ಳಿ. ಮುಂಗಡ ಹಣ ಹಿಂತಿರುಗುವುದು ಅವರ ನಿಯಮವನ್ನು ಅವಲಂಬಿಸಿದೆ. ಆನಂತರ ಡೈವಿಂಗ್ ಸಂಸ್ಥೆಯಿಂದ ಆರೋಗ್ಯದ ಪ್ರಶ್ನಾವಳಿಯನ್ನು ತರಿಸಿಕೊಳ್ಳಿ. ಅಸ್ತಮಾ, ಹೃದ್ರೋಗ ಅಥವಾ ಕಿವಿಯ ಶಸ್ತ್ರಚಿಕಿತ್ಸೆಯ ಇತಿಹಾಸವಿದ್ದರೆ ಊರಿನಲ್ಲಿಯೇ ವೈದ್ಯರ ಒಪ್ಪಿಗೆ ಪಡೆಯುವುದು ಅಗತ್ಯ, ಏಕೆಂದರೆ ದಡಕ್ಕೆ ಹೋದ ಮೇಲೆ ನಿರಾಕರಿಸಿದರೆ ಅಷ್ಟು ದೂರದ ಪ್ರಯಾಣವೇ ವ್ಯರ್ಥವಾಗುತ್ತದೆ.

ಹುಬ್ಬಳ್ಳಿಯವರೆಗೆ ರಾತ್ರಿ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಮುರ್ಡೇಶ್ವರ ತಲುಪಬಹುದು. ತಲುಪಿದ ದಿನವೇ ಡೈವಿಂಗ್ ಇಟ್ಟುಕೊಳ್ಳಬೇಡಿ. ಗಾಳಿ ಹೆಚ್ಚಾದರೆ ದೋಣಿ ಹೊರಡುವುದಿಲ್ಲವಾದ್ದರಿಂದ ಒಂದು ದಿನವನ್ನು ಹೆಚ್ಚುವರಿಯಾಗಿ ಇರಿಸಿ.

ತರಬೇತಿಯಿಲ್ಲದವರನ್ನು ಬೋಧಕರೊಂದಿಗೆ ಗರಿಷ್ಠ 12 ಮೀಟರ್ ಆಳಕ್ಕೆ ಮಾತ್ರ ಇಳಿಸುತ್ತಾರೆ. ಇಳಿಯುವಾಗ ಕಿವಿ ನೋಯಲು ಆರಂಭಿಸುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಒತ್ತಡ ಸರಿಪಡಿಸಿಕೊಳ್ಳಬೇಕು. ನೆಗಡಿಯಿದ್ದರೆ ಇದು ಸಾಧ್ಯವಾಗದು, ಅಂದು ದಯವಿಟ್ಟು ನೀರಿಗಿಳಿಯಬೇಡಿ. ವಿಮಾನದಲ್ಲಿ ಹಿಂತಿರುಗುವುದಾದರೆ ಒಂದು ಡೈವ್ ಬಳಿಕ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ಕಾಯಿರಿ.