ಓದುಗರ ಪ್ರಶ್ನೆ: ಹಾಡುವಾಗ ಇಲ್ಲದ ಉಗ್ಗು ಫೋನಿನಲ್ಲಿ ಏಕೆ?

ಪ್ರಶ್ನೆ: ನನಗೆ 26 ವರ್ಷ. ಗೆಳೆಯರ ಜೊತೆ ಮಾತು ಸರಾಗ. ಹಾಡುವಾಗ, ಮನೆಯ ನಾಯಿಯನ್ನು ಮಾತಾಡಿಸುವಾಗ ಒಮ್ಮೆಯೂ ತಡೆಯುವುದಿಲ್ಲ. ಆಫೀಸಿನ ಫೋನಿನಲ್ಲಿ ಹೆಸರು ಹೇಳಲು ಹೋದರೆ ಮಾತ್ರ ಮೊದಲ ‘ಪ’ ಅಕ್ಷರದಲ್ಲೇ ತುಟಿ ಅಂಟಿಕೊಂಡುಬಿಡುತ್ತದೆ. ಮನೆಯಲ್ಲಿ ‘ಎಲ್ಲ ನಿನ್ನ ಮನಸ್ಸಿನಲ್ಲಿದೆ, ಧೈರ್ಯ ತಂದುಕೋ’ ಅನ್ನುತ್ತಾರೆ. ಇದು ಉಗ್ಗೋ, ಬರೀ ಹೆದರಿಕೆಯೋ?
– ಹೆಸರು ಬೇಡ, ದಾವಣಗೆರೆ

ಉತ್ತರ: ಇದು ಉಗ್ಗೇ. ಸಂದರ್ಭಕ್ಕೆ ತಕ್ಕಂತೆ ಏರಿಳಿಯುವುದೇ ಅದರ ಗುಣ. ‘ಆಗ ಚೆನ್ನಾಗಿ ಮಾತಾಡಿದೆಯಲ್ಲ, ಈಗೇನಾಯ್ತು?’ ಎಂದು ಕೇಳುವವರಿಗೆ ತಿಳಿಯದ ಸಂಗತಿ ಇದು. ಉಸಿರು, ಗಂಟಲು, ನಾಲಿಗೆ, ತುಟಿ ಇವೆಲ್ಲ ಒಂದೇ ಕ್ಷಣಕ್ಕೆ ಕೂಡಿ ಕೆಲಸ ಮಾಡುವಂತೆ ಮಿದುಳು ಹೊಂದಿಸುವ ರೀತಿಯಲ್ಲಿರುವ ವ್ಯತ್ಯಾಸದಿಂದ ಉಗ್ಗು ಬರುತ್ತದೆ. ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಇರುತ್ತದೆ. ಹೆದರಿಕೆ ಅದನ್ನು ಹೆಚ್ಚಿಸುತ್ತದೆ, ಹುಟ್ಟಿಸುವುದಿಲ್ಲ.

ಹಾಡಿನಲ್ಲಿ ಸಾಲು ಮೊದಲೇ ಬಾಯಿಗೆ ಬಂದಿರುತ್ತದೆ, ತಾಳ ಹೊರಗಿನಿಂದ ಸಿಗುತ್ತದೆ, ಸ್ವರ ಉದ್ದಕ್ಕೆ ಎಳೆಯುವುದರಿಂದ ದನಿ ನಡುವೆ ಕಡಿಯುವುದಿಲ್ಲ. ಭಜನೆಯಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿ ಉಗ್ಗು ಬಹುಮಟ್ಟಿಗೆ ಮಾಯವಾಗುವುದೂ ಹೀಗೆಯೇ. ನಾಯಿಯಂತೂ ನಿಮ್ಮ ಮಾತನ್ನು ತೂಗಿ ನೋಡುವುದಿಲ್ಲ.

ಫೋನಿನಲ್ಲಿ ಎಲ್ಲವೂ ತಿರುಗುಮುರುಗು. ನಿಮ್ಮ ತುಟಿ ಒದ್ದಾಡುತ್ತಿರುವುದು ಆ ಕಡೆಯವರಿಗೆ ಕಾಣದು. ಎರಡು ಸೆಕೆಂಡ್ ಮೌನವಾದರೆ ‘ಹಲೋ, ಹಲೋ, ಕೇಳಿಸ್ತಿಲ್ಲ’ ಎನ್ನುತ್ತಾರೆ. ಆ ಅವಸರವೇ ತುಟಿಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅದರ ಮೇಲೆ, ಹೆಸರಿಗೆ ಬದಲಿ ಪದ ಇಲ್ಲ. ಬೇರೆ ಕಡೆ ಕಷ್ಟದ ಪದವನ್ನು ತಪ್ಪಿಸಿ ಇನ್ನೊಂದನ್ನು ಹಾಕಿಬಿಡಬಹುದು. ಬಸ್ಸಿನಲ್ಲಿ ‘ಹರಿಹರ’ ಬಾಯಿಗೆ ಬಾರದೆ ರಾಣೆಬೆನ್ನೂರಿಗೆ ಟಿಕೆಟ್ ತೆಗೆಸುವವರಿದ್ದಾರೆ! ಆ ಕ್ಷಣಕ್ಕೆ ಬಚಾವಾಗುತ್ತಾರೆ, ಆದರೆ ‘ಹರಿಹರ’ದ ಭಯ ಮಾರನೆಯ ದಿನಕ್ಕೆ ಇನ್ನೊಂದಿಷ್ಟು ಬೆಳೆದಿರುತ್ತದೆ.

ಈಗ ‘ಪ’ ಅಕ್ಷರಕ್ಕೆ ಬರೋಣ. ಅದನ್ನು ಹೇಳುವಾಗ ತುಟಿ ಮುಚ್ಚಿ, ಹಿಂದೆ ಗಾಳಿ ತುಂಬಿ, ಒಮ್ಮೆಲೇ ಬಿಡಬೇಕು. ಸಿಕ್ಕಿಕೊಂಡಾಗ ನೀವು ತುಟಿಯನ್ನು ಮತ್ತಷ್ಟು ಒತ್ತುತ್ತೀರಿ. ಒಳಗೆ ಗಂಟಲೂ ಮುಚ್ಚಿಕೊಳ್ಳುತ್ತದೆ. ಆಗ ಹಿಂದಕ್ಕೆ ಹೋಗಿ ಮೊದಲಿನಿಂದ ಶುರು ಮಾಡಬೇಡಿ. ಅಲ್ಲೇ ನಿಲ್ಲಿ. ಬಿಗಿ ಎಲ್ಲಿದೆ, ತುಟಿಯಲ್ಲೋ ದವಡೆಯಲ್ಲೋ ಗಂಟಲಲ್ಲೋ ಎಂದು ಗಮನಿಸಿ. ಅದನ್ನು ಅರ್ಧಕ್ಕೆ ಇಳಿಸಿ, ತುಟಿಯ ಸಂದಿಯಿಂದ ಗಾಳಿ ಸೋರಲು ಬಿಡಿ. ‘ಪ’ ಸ್ವಲ್ಪ ಮೆತ್ತಗೆ, ಊದಿದ ಹಾಗೆ ಕೇಳಿಸಿದರೂ ಅಡ್ಡಿಯಿಲ್ಲ. ಅಲ್ಲಿಂದ ಮುಂದಿನ ಸ್ವರಕ್ಕೆ ಜಾರಿಕೊಳ್ಳಿ.

ಇದನ್ನು ನೇರವಾಗಿ ಕಲಿಯುವುದು ಕಷ್ಟ. ತಾವೂ ಉಗ್ಗುತ್ತಿದ್ದ ಅಮೆರಿಕದ ವಾಕ್ ತಜ್ಞ ಚಾರ್ಲ್ಸ್ ವ್ಯಾನ್ ರೈಪರ್ ಹಾಕಿಕೊಟ್ಟ ಕ್ರಮ ಒಳ್ಳೆಯದು. ಮೊದಲು, ಪದ ಹೇಗೋ ಮುಗಿದ ಮೇಲೆ ಮೂರು ಸೆಕೆಂಡ್ ಸುಮ್ಮನಿದ್ದು ಅದೇ ಪದವನ್ನು ಸಡಿಲವಾಗಿ ಮತ್ತೊಮ್ಮೆ ಹೇಳುವುದು. ಅದು ಕೈಗೆ ಹತ್ತಿದ ಮೇಲೆ, ಸಿಕ್ಕಿಕೊಂಡ ನಡುವೆಯೇ ಸಡಿಲಿಸುವುದು. ಕೊನೆಗೆ, ತಡೆ ಬರುತ್ತದೆಂದು ಗೊತ್ತಾದಾಗ ಮೊದಲೇ ಮೆತ್ತಗೆ ಶುರು ಮಾಡುವುದು. ಮೂರನೆಯದರಿಂದ ಶುರು ಮಾಡಿದವರು ಬಹಳ ಬೇಗ ಕೈಬಿಡುತ್ತಾರೆ.

ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರೆ ಹೆಚ್ಚೇನೂ ಸಿಗುವುದಿಲ್ಲ, ಏಕೆಂದರೆ ಒಬ್ಬರೇ ಇರುವಾಗ ನೀವು ಉಗ್ಗುವುದೇ ಅಪರೂಪ. ಕೇಳುವ ಕಿವಿ ಬೇಕು. ನಿಮಗೆ ಕಷ್ಟವಾಗುವ ಹತ್ತು ಸಂದರ್ಭ ಬರೆದು, ಒಂದೊಂದಕ್ಕೂ ಹೆದರಿಕೆಯ ಅಂಕ ಹಾಕಿ, 10ಕ್ಕೆ ಇಷ್ಟು ಎಂದು. 3 ಅಥವಾ 4 ಇರುವುದರಿಂದ ಶುರು ಮಾಡಿ. ಉದಾಹರಣೆಗೆ, ದಿನಕ್ಕೆ ಐದು ಅಂಗಡಿಗೆ ಫೋನ್ ಮಾಡಿ ‘ಎಷ್ಟು ಗಂಟೆವರೆಗೆ ತೆರೆದಿರುತ್ತೆ?’ ಎಂದು ಕೇಳಿ. ಅದರಲ್ಲಿ ಎರಡರಲ್ಲಾದರೂ ಬೇಕೆಂದೇ, ಬಿಗಿಯಿಲ್ಲದೆ, ‘ಎ-ಎ-ಎಷ್ಟು’ ಎಂದು ಉಗ್ಗಿ. ಮುಚ್ಚಿಡಬೇಕೆಂಬ ಒತ್ತಡ ಕಡಿಮೆಯಾದಷ್ಟೂ ತಡೆಯ ಬಿಗಿ ಇಳಿಯುತ್ತದೆ. ಅಂಕ ಅರ್ಧಕ್ಕೆ ಇಳಿಯುವವರೆಗೆ ಅದೇ ಮೆಟ್ಟಿಲಲ್ಲಿರಿ. ಆಫೀಸಿನ ಫೋನಿನಲ್ಲಿ ‘ನಂಗೆ ಉಗ್ಗು ಇದೆ, ಒಂದ್ನಿಮಿಷ ಕೊಡಿ’ ಎಂದು ಮೊದಲೇ ಹೇಳಿದರೆ ಆ ಕಡೆಯ ‘ಹಲೋ ಹಲೋ’ ನಿಲ್ಲುತ್ತದೆ.

ಎರಡು ತಪ್ಪು ದಾರಿಗಳಿವೆ. ಮಾತಿಗೆ ಮುಂಚೆ ಎದೆ ತುಂಬ ಉಸಿರೆಳೆದು ಹಿಡಿಯಬೇಡಿ. ಹಿಡಿದ ಉಸಿರು ಗಂಟಲನ್ನು ಮುಚ್ಚುತ್ತದೆ. ಕಾಲು ತಟ್ಟುವುದು, ಕಣ್ಣು ಮುಚ್ಚುವುದು, ‘ಅದೇನಂದ್ರೆ, ಅದೇನಂದ್ರೆ’ ಎಂದು ಶುರು ಮಾಡುವುದು ಕೆಲವು ದಿನ ನಡೆಯುತ್ತದೆ. ಆಮೇಲೆ ಉಗ್ಗು ವಾಪಸ್ ಬರುತ್ತದೆ, ಕಾಲು ತಟ್ಟುವ ಚಟವೂ ಉಳಿದುಬಿಡುತ್ತದೆ.

ಪ್ರಶ್ನೆ: ಮೂರೂವರೆ ವರ್ಷದ ಮಗ ಎರಡು ತಿಂಗಳಿಂದ ‘ಅ-ಅ-ಅ-ಅಮ್ಮ’ ಎನ್ನುತ್ತಾನೆ. ಅತ್ತೆ ಬಜೆ ತೇಯ್ದು ನೆಕ್ಕಿಸು ಎನ್ನುತ್ತಾರೆ. ನಾನು ‘ನಿಧಾನವಾಗಿ ಹೇಳು ಪುಟ್ಟ’ ಎನ್ನುತ್ತೇನೆ. ಸರಿಯೇ?
– ಒಬ್ಬ ತಾಯಿ, ತುಮಕೂರು

ಉತ್ತರ: ಬಜೆ ಬೇಡ ತಾಯಿ. ಉಗ್ಗಿಗೆ ಅದರಿಂದ ಉಪಯೋಗವಿಲ್ಲ, ಮಗುವಿಗೆ ವಾಂತಿಯಾಗಬಹುದು. ಉಗ್ಗು ಹೆಚ್ಚಾಗಿ ಶುರುವಾಗುವುದೇ ಎರಡರಿಂದ ಐದು ವರ್ಷದೊಳಗೆ. ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಾನಾಗಿ ಹೋಗುತ್ತದೆ. ಆದರೆ ಹೋಗೇ ಹೋಗುತ್ತದೆಂದು ಕೂರಬೇಡಿ. ಮನೆಯಲ್ಲಿ ಬೇರೆ ಯಾರಿಗಾದರೂ ಉಗ್ಗು ಇದ್ದರೆ, ದನಿ ಪೂರ್ತಿ ನಿಂತು ಮುಖ ಬಿಗಿಯುತ್ತಿದ್ದರೆ, ಅಥವಾ ಆರು ತಿಂಗಳು ದಾಟಿದರೆ ತಡಮಾಡದೆ ವಾಕ್ ಚಿಕಿತ್ಸಕರಲ್ಲಿ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ.

‘ನಿಧಾನವಾಗಿ ಹೇಳು’ ಎಂದರೆ ತನ್ನ ಮಾತಿನಲ್ಲಿ ಏನೋ ತಪ್ಪಿದೆ ಎಂಬುದು ಮಗುವಿಗೆ ನಾಟುತ್ತದೆ. ಅದರ ಬದಲು ನೀವೇ ನಿಧಾನವಾಗಿ ಮಾತಾಡಿ. ಅವನು ಮುಗಿಸಿದ ಮೇಲೆ ಒಂದೆರಡು ಸೆಕೆಂಡ್ ಬಿಟ್ಟು ಉತ್ತರಿಸಿ. ‘ಏನು, ಎಲ್ಲಿ, ಯಾರು’ ಪ್ರಶ್ನೆಗಳ ಮಳೆ ಕಡಿಮೆ ಮಾಡಿ. ದಿನಕ್ಕೆ ಐದು ನಿಮಿಷ, ಟಿವಿ ಮೊಬೈಲ್ ಇಲ್ಲದೆ, ಅವನು ಆರಿಸಿದ ಆಟ, ಅವನು ಹೇಳಿದ್ದೇ ಮಾತು. ನಂಟರು ಬಂದಾಗ ‘ಮಾಮನಿಗೆ ಪದ್ಯ ಹೇಳು’ ಎಂದು ಮುಂದೆ ನಿಲ್ಲಿಸಬೇಡಿ. ಅವನಾಗಿ ಹೇಳಹೊರಟರೆ ತಡೆಯಲೂ ಬೇಡಿ.

ಪ್ರಶ್ನೆ: ಏಳನೇ ತರಗತಿಯ ಹುಡುಗನೊಬ್ಬ ಹಾಜರಿ ಕರೆದಾಗ ‘ಪ್ರೆಸೆಂಟ್ ಮಿಸ್’ ಎನ್ನಲಾಗದೆ ಒದ್ದಾಡುತ್ತಾನೆ. ಪಾಠ ಓದಲು ಹೇಳುವುದನ್ನೇ ಬಿಟ್ಟಿದ್ದೇನೆ.
– ಶಿಕ್ಷಕಿ, ಶಿರಸಿ

ಉತ್ತರ: ಪೂರ್ತಿ ಬಿಟ್ಟರೆ ‘ನನ್ನಿಂದಾಗದು’ ಎಂಬುದು ಅವನಲ್ಲಿ ಗಟ್ಟಿಯಾಗುತ್ತದೆ. ಅವನನ್ನೇ ಕೇಳಿ, ಆದರೆ ತರಗತಿ ಮುಗಿದ ಮೇಲೆ, ಬೇರೆ ಮಕ್ಕಳಿಲ್ಲದಾಗ. ಹಾಜರಿಗೆ ಕೈ ಎತ್ತಬಹುದು, ಅಥವಾ ‘ಇದ್ದೀನಿ’ ಎನ್ನಬಹುದು. ಎಲ್ಲ ಮಕ್ಕಳಿಗೂ ಅದೇ ಆಯ್ಕೆ ಕೊಟ್ಟರೆ ಅವನೊಬ್ಬನೇ ಎದ್ದು ಕಾಣುವುದಿಲ್ಲ. ಓದುವಾಗ ಸಾಲಾಗಿ ಸರದಿ ಇಟ್ಟರೆ ಆ ಹುಡುಗ ಪಾಠ ಕೇಳುವುದಿಲ್ಲ. ತನಗೆ ಬರುವ ಪ್ಯಾರಾ ಎಣಿಸಿ, ಅದರಲ್ಲಿನ ಕಷ್ಟದ ಪದ ಹುಡುಕುತ್ತ ಕೂತಿರುತ್ತಾನೆ. ಅವನು ಒಪ್ಪಿದರೆ ಮೊದಲಿಗೇ ಕರೆಯಿರಿ. ಆರಂಭದ ವಾರಗಳಲ್ಲಿ ಇಬ್ಬರಿಬ್ಬರು ಒಟ್ಟಿಗೆ ಗಟ್ಟಿಯಾಗಿ ಓದಲಿ. ಜೊತೆ ದನಿ ಇದ್ದಾಗ ತಡೆ ಬಹಳ ಕಡಿಮೆ. ನಡುವೆ ನಿಂತರೆ ಪದವನ್ನು ನೀವು ಮುಗಿಸಿಕೊಡಬೇಡಿ, ಮುಖ ಬೇರೆ ಕಡೆ ತಿರುಗಿಸಬೇಡಿ, ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕಾಯಿರಿ. ಓದಿ ಮುಗಿಸಿದಾಗ ‘ಇವತ್ತು ಉಗ್ಗಲೇ ಇಲ್ಲ, ಶಭಾಷ್’ ಎನ್ನದೆ, ಅವನು ಓದಿದ್ದರ ಬಗ್ಗೆಯೇ ಒಂದು ಮಾತು ಆಡಿ.